ನಪ್ಪಿ ನಿಲ್ಲುವ ಜಾಗಗಳು

ನವೆಂಬರಿನ ಮೊದಲ ವಾರ ನೀವು ಮೆಟ್ಟಿಲ ಮೇಲೆ ಜಾರಿ
ತೊಡೆಯ ಮೂಳೆ ಮುರಿದುಕೊಂಡಿರಿ, ಓಯ್ವ.
ಆಂಬುಲೆನ್ಸಿನವರು ಸ್ಟ್ರೆಚರ್ ಎತ್ತುವಾಗ
ನನ್ನ ಕೈಗೆ ಬಂದದ್ದು ಒಂದು ಹಗ್ಗ.
ಹಗ್ಗದ ಆ ತುದಿಗೆ ಇದು,
ಅಂಗಿಗುಂಡಿಯಂಥ ಮೂಗು,
ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲದ ಕಣ್ಣು.

ನಾಯಿಗಳಿಗೂ ನನಗೂ ಅಷ್ಟಕ್ಕಷ್ಟೇ.
ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವಳು.
ಹತ್ತುವವರು ಹತ್ತಲಿ, ಇಳಿಯುವವರು ಇಳಿಯಲಿ,
ಯಾರನ್ನೂ ಮನೆತನಕ ಬಿಟ್ಟು ಬಂದವಳಲ್ಲ.

ಇವಾಲೊದ ಡಿಸೆಂಬರ್ ನಿಮಗೆ ಗೊತ್ತೇ ಇದೆ:
ಸೂರ್ಯ ರಜೆಚೀಟಿ ಕೊಡದೆ ಹೋಗಿಬಿಡುತ್ತಾನೆ.
ನಡುಮಧ್ಯಾಹ್ನ ಒಂದು ಗಳಿಗೆ ಆಕಾಶ
ಕಾಡಿನ ನೀಲಿ ಹಣ್ಣು ತಿಂದ ಮಗುವಿನ ನಾಲಿಗೆ.
ಆಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ.

ಮೈನಸ್ ಮೂವತ್ತೊಂದು. ರೆಪ್ಪೆಗೆ ರೆಪ್ಪೆ ಅಂಟುತ್ತದೆ.
ಪಾದಕ್ಕೆ ಮುಲಾಮು ಸವರಿ, ನಾಲ್ಕು ಕಾಲುಚೀಲ ತೊಡಿಸಿ
(ಮೂರು ಅಂತ ಓದಿಕೊಳ್ಳಿ, ಒಂದು ಹಿಮದ ಪಾಲಾಯಿತು),
ಮಿನುಗುಪಟ್ಟಿಯ ಅಂಗಿ ಹಾಕಿ ಹೊರಟರೆ
ನಾನು ನಡೆಸುತ್ತಿದ್ದೇನೆ ಅಂದುಕೊಂಡಿದ್ದೆ.
ನಡೆಸಿದ್ದು ಅದು.

ಮೊದಲ ನಿಲ್ದಾಣ ಅಂಚೆಪೆಟ್ಟಿಗೆ.
ಕಾಲೆತ್ತಿ, ಚುಟುಕಾಗಿ, ವಿಳಾಸ ಬರೆಯುತ್ತದೆ.
ಎರಡನೆಯದು ಯಾವತ್ತೋ ಮುಚ್ಚಿದ ವೀಡಿಯೊ ಅಂಗಡಿ,
ಅಲ್ಲಿ ಗಾಜಿನತ್ತ ಕತ್ತೆತ್ತಿ
ಥೇಟ್ ನಿಮ್ಮದೇ ಒಂದು ನಿಟ್ಟುಸಿರು.
ಮೂರನೆಯದು ಹೊಳೆಗಿಳಿಯುವ ದಾರಿಯ ಹಳದಿ ಮನೆ.
ಗೇಟಿನೆದುರು ಕೂತುಬಿಡುತ್ತದೆ. ಎಳೆದರೆ ಕಲ್ಲು.
ನಾಲ್ಕು ನಿಮಿಷ. ದಿನಾ.
ಗಡಿಯಾರ ನೋಡುವುದು ನನ್ನ ಚಾಳಿ, ಬಸ್ಸಿನವಳಲ್ಲವೆ.

ಹದಿಮೂರನೆಯ ದಿನ ಬಾಗಿಲು ತೆರೆಯಿತು.
ಹೆಗಲಿಗೆ ಶಾಲು, ಬೆರಳಲ್ಲಿ
ಒಣಗಿಸಿದ ಹಿಮಸಾರಂಗದ ಮಾಂಸದ ಚೂರು.
ನನ್ನನ್ನು ಕಂಡು ಕೈ ಗಾಳಿಯಲ್ಲೇ ನಿಂತಿತು.
"ಎಲ್ಲಿ?" ಅಂದಳು ಔನೆ. ಯಾರು ಅಂತ ಹೇಳಲಿಲ್ಲ.
"ರೊವಾನಿಯೆಮಿ. ಆಸ್ಪತ್ರೆ. ಮೂಳೆ."
ಅದಕ್ಕಿಂತ ಹೆಚ್ಚು ಬಾಯಿ ತೆರೆದರೆ ಆ ಚಳಿಗೆ ಹಲ್ಲು ನೋಯುತ್ತದೆ.
ಅವಳು ಗೇಟಿನ ಮೇಲಿನ ಹಿಮ ಗುಡಿಸತೊಡಗಿದಳು,
ಬರಿಗೈಯಲ್ಲಿ,
ಹಿಮ ಮುಗಿದ ಮೇಲೂ.

ಹನ್ನೊಂದು ವರ್ಷದಿಂದ ನಿಮ್ಮ ನೆತ್ತಿಯ ಮೇಲೆ ವಾಸ ನಾನು.
ಈ ಊರಲ್ಲಿ ನನಗೆ ಪರಿಚಯದವರೇ ಇಲ್ಲ ಅಂತ
ಬಟ್ಟೆ ಒಣಹಾಕುವ ಕೋಣೆಯಲ್ಲಿ ನೀವೇ ಅಂದದ್ದು.
ಇರಲಿ.

ಜನವರಿ ನಡುವಿಗೆ ಹೊಳೆಯಾಚೆ, ಗುಡ್ಡದ ಭುಜದ ಮೇಲೆ
ಒಂದು ಕಿತ್ತಳೆ ಗೆರೆ ಎದ್ದಿತು.
ಹೆಪ್ಪುಗಟ್ಟಿದ ನೀರಿನ ನಡುವೆ ನಪ್ಪಿಗೆ
ದೀಪದ ಕಂಬ ಕೊಡದ ನೆರಳೊಂದು ಸಿಕ್ಕಿತು,
ನಾಲ್ಕು ಮಾರುದ್ದದ ಕಾಲಿನ ನಾಯಿ.
ಬೊಗಳಿತು. ಹಿಂದೆ ಸರಿಯಿತು. ಮತ್ತೆ ಬೊಗಳಿತು.
ನಾನು ನಕ್ಕೆ. ನಗು ಗಾಳಿಯಲ್ಲಿ ಬೆಳ್ಳಗೆ
ಎಷ್ಟೋ ಹೊತ್ತು ತೂಗಾಡುತ್ತಿತ್ತು.

ಫೆಬ್ರವರಿಯ ವಿಷಯ ಬಿಡಿ.
ಶುಕ್ರವಾರ ರಾತ್ರಿ ರೇಡಿಯೊದಲ್ಲಿ ಟ್ಯಾಂಗೊ ಬರುತ್ತದೆ,
ಅಷ್ಟು ಮಾತ್ರ ಹೇಳುತ್ತೇನೆ.

ಮುಂದಿನ ವಾರ ಬರುತ್ತೀರಂತೆ. ಊರುಗೋಲು ಎರಡು ತಿಂಗಳಂತೆ.
ಹಾಗಾದರೆ ಕೇಳಿಸಿಕೊಳ್ಳಿ:
ಡಿಪೋ ಹಿಂದಿನ ಖಾಲಿ ಅಂಗಳಕ್ಕೆ ಬಂದರೆ
ನಿಮ್ಮ ನಾಯಿ ಕೂತುಬಿಡುತ್ತದೆ. ಎಳೆದರೆ ಕಲ್ಲು.
ನಿಮ್ಮ ಜೇಬಿನತ್ತ ಕಿವಿ ನಿಮಿರಿಸಿ
ನಿಮ್ಮ ಕಾಲನ್ನೇ ನೋಡುತ್ತದೆ,
ಎರಡು ಹೆಜ್ಜೆ ಮುಂದೆ, ಒಂದು ಪಕ್ಕಕ್ಕೆ,
ಇನ್ನೂ ಯಾಕೆ ಶುರುವಾಗಲಿಲ್ಲ ಅಂತ.
ನನ್ನನ್ನು ಏನೂ ಕೇಳಬೇಡಿ.
ಆರು ನಿಮಿಷ ಕಾಯಿರಿ, ತಾನಾಗಿ ಏಳುತ್ತದೆ.

ಹಳದಿ ಮನೆಯ ಬಗ್ಗೆ ನಾನೂ ಕೇಳುವವಳಲ್ಲ.
ಮುಲಾಮು ಡಬ್ಬಿಯಲ್ಲಿ ಅರ್ಧ ಉಳಿದಿದೆ.
ಕಾಲುಚೀಲ ಮೂರೇ ಇವೆ.
ನಾಲ್ಕನೆಯದು, ಹಿಮ ಕರಗಿದ ಮೇಲೆ,
ಆ ಗೇಟಿನ ಹತ್ತಿರ ಎಲ್ಲೋ ಸಿಗಬಹುದು.
ಬಾಗಿಲು ತಟ್ಟಿ ವಿಚಾರಿಸಿ.